ಬಾಲಚುಕ್ಕಿಯ ದಾರಿ ಹಿಡಿದ ಎಡ್ಮಂಡ್ ಹ್ಯಾಲಿ

ಮಕ್ಕಳೇ, 'ಹ್ಯಾಲಿ ಧೂಮಕೇತು' ಎಂಬ ಹೆಸರನ್ನು ನೀವು ಪಾಠದಲ್ಲಿ ಓದಿರಬಹುದು. ಧೂಮಕೇತುವಿಗೆ ಸಾಮಾನ್ಯವಾಗಿ ಅದನ್ನು ಮೊದಲು ಕಂಡವರ ಹೆಸರನ್ನೇ ಇಡುತ್ತಾರೆ. 1949ರಲ್ಲಿ ಪತ್ತೆಯಾದ ಒಂದು ಧೂಮಕೇತುವಿನ ಹೆಸರು 'ಬಪ್ಪು-ಬಾಕ್-ನ್ಯೂಕರ್ಕ್'. ಇದರಲ್ಲಿ ಮೊದಲ ಹೆಸರು ನಮ್ಮ ದೇಶದ ವೈನು ಬಪ್ಪು ಅವರದು. ಮುಂದೆ ಬೆಂಗಳೂರಿನ ಭಾರತೀಯ ಖಗೋಳಭೌತ ಸಂಸ್ಥೆಯನ್ನು ಕಟ್ಟಿ ಬೆಳೆಸಿದವರು ಅವರೇ.

ಆದರೆ ಹ್ಯಾಲಿ ಧೂಮಕೇತುವನ್ನು ಮೊದಲು ಕಂಡವನು ಹ್ಯಾಲಿ ಅಲ್ಲ! ಅವನು ಹುಟ್ಟುವುದಕ್ಕೆ ಸುಮಾರು 1,900 ವರ್ಷಗಳ ಹಿಂದೆ, ಕ್ರಿಸ್ತಪೂರ್ವ 240ರಲ್ಲಿಯೇ, ಚೀನಾ ದೇಶದವರು ಅದನ್ನು ಕಂಡು ಬರೆದಿಟ್ಟಿದ್ದರು. ಹ್ಯಾಲಿ ಅದನ್ನು ಕಂಡದ್ದು ಜೀವಮಾನದಲ್ಲಿ ಒಂದೇ ಸಲ. ಅದು ಮರಳಿ ಬಂದಾಗ ಅವನು ಬದುಕಿರಲೇ ಇಲ್ಲ. ಹಾಗಾದರೆ ಅದಕ್ಕೆ ಅವನ ಹೆಸರು ಏಕೆ ಬಂತು? ಬನ್ನಿ, ಅವನ ಕಥೆಯನ್ನು ತಿಳಿಯೋಣ.

ಸಾಬೂನು ತಯಾರಕನ ಮಗ

ಎಡ್ಮಂಡ್ ಹ್ಯಾಲಿ ಹುಟ್ಟಿದ್ದು 1656ರ ನವೆಂಬರ್ 8ರಂದು, ಇಂಗ್ಲೆಂಡಿನ ಲಂಡನ್ ನಗರದ ಬಳಿ. ಅವನ ತಂದೆ ಸಾಬೂನು ತಯಾರಿಸುತ್ತಿದ್ದ ಶ್ರೀಮಂತ. ಮಗನಿಗೆ ಆಕಾಶದ ಮೇಲಿದ್ದ ಆಸಕ್ತಿಯನ್ನು ಕಂಡು ತಂದೆ ಒಳ್ಳೆಯ ಉಪಕರಣಗಳನ್ನು ಕೊಡಿಸಿದ. 1673ರಲ್ಲಿ ಹ್ಯಾಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯಕ್ಕೆ ಸೇರಿದಾಗ ಅವುಗಳನ್ನೂ ಜೊತೆಗೆ ಒಯ್ದಿದ್ದ.

ಆ ಕಾಲದಲ್ಲಿ ಉತ್ತರ ಆಕಾಶದ ನಕ್ಷತ್ರಗಳ ಸ್ಥಾನ ತೋರಿಸುವ ಪಟ್ಟಿಗಳಿದ್ದವು. ಯೂರೋಪಿನಿಂದ ಕಾಣದ ದಕ್ಷಿಣದ ನಕ್ಷತ್ರಗಳಿಗೆ ನಂಬಬಹುದಾದ ಪಟ್ಟಿ ಇರಲಿಲ್ಲ. ಆ ಕೆಲಸವನ್ನು ತಾನು ಮಾಡಬೇಕೆಂದು ಹ್ಯಾಲಿ ಹೊರಟ. ಓದನ್ನು ಅರ್ಧಕ್ಕೇ ನಿಲ್ಲಿಸಿ, 1676ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಹಡಗು ಹತ್ತಿದ. ದಕ್ಷಿಣ ಅಟ್ಲಾಂಟಿಕ್ ಸಾಗರದ ಸೇಂಟ್ ಹೆಲೆನಾ ಎಂಬ ಪುಟ್ಟ ದ್ವೀಪಕ್ಕೆ ಹೋದ. ಆಗ ಅವನ ವಯಸ್ಸು ಕೇವಲ 20.

ದ್ವೀಪದಲ್ಲಿ ಮೋಡ, ಮಳೆಗಳ ಕಾಟ. ಎಷ್ಟೋ ರಾತ್ರಿ ಒಂದು ನಕ್ಷತ್ರವೂ ಕಾಣುತ್ತಿರಲಿಲ್ಲ. ಆದರೂ ಬಿಡದೆ ಕಾದು 341 ನಕ್ಷತ್ರಗಳ ಸ್ಥಾನವನ್ನು ಅಳೆದ. 1678ರಲ್ಲಿ ಊರಿಗೆ ಮರಳಿದಾಗ ವಿದ್ವಾಂಸರೆಲ್ಲ ಮೆಚ್ಚಿದರು. 22ನೆಯ ವಯಸ್ಸಿಗೇ ಅವನು ಲಂಡನ್ನಿನ ಹೆಸರಾಂತ ವಿಜ್ಞಾನ ಸಂಸ್ಥೆಯಾದ ರಾಯಲ್ ಸೊಸೈಟಿಯ ಸದಸ್ಯನಾದ.

ಆಕಾಶದಲ್ಲಿ ಒಂದು ವಸ್ತು ಎಲ್ಲಿದೆ ಎಂಬುದನ್ನು ಕರಾರುವಾಕ್ಕಾಗಿ ಅಳೆಯುವುದು ಹ್ಯಾಲಿಗೆ ಹೀಗೆ ಚಿಕ್ಕಂದಿನಲ್ಲೇ ರೂಢಿಯಾಯಿತು. ಮುಂದಿನ ಕಥೆಗೆ ಇದೇ ಅಡಿಪಾಯ.

1682ರ ಅತಿಥಿ

1682ರಲ್ಲಿ ಹ್ಯಾಲಿ ಮೇರಿ ಟೂಕ್ ಎಂಬಾಕೆಯನ್ನು ಮದುವೆಯಾಗಿ ಲಂಡನ್ ಬಳಿಯ ಇಸ್ಲಿಂಗ್ಟನ್‌ನಲ್ಲಿ ಮನೆ ಮಾಡಿದ. ಅದೇ ವರ್ಷ ಆಕಾಶದಲ್ಲಿ ಒಂದು ಧೂಮಕೇತು ಕಾಣಿಸಿಕೊಂಡಿತು.

ಧೂಮಕೇತು ಕಂಡರೆ ಆಗಿನ ಜನ ಹೆದರುತ್ತಿದ್ದರು. ರಾಜ ಸಾಯುತ್ತಾನೆ, ರೋಗ ಬರುತ್ತದೆ, ಯುದ್ಧವಾಗುತ್ತದೆ ಎಂದೆಲ್ಲ ನಂಬಿದ್ದರು. ನಮ್ಮಲ್ಲೂ ಬಾಲಚುಕ್ಕಿ ಕಂಡರೆ ಕೇಡು ಎನ್ನುವ ಮಾತಿತ್ತು. ಏಕೆ ಈ ಭಯ? ಸೂರ್ಯ, ಚಂದ್ರ, ಗ್ರಹಗಳು ಯಾವಾಗ ಎಲ್ಲಿರುತ್ತವೆಂದು ಮೊದಲೇ ಹೇಳಬಹುದಿತ್ತು. ಧೂಮಕೇತು ಮಾತ್ರ ಹೇಳದೆ ಕೇಳದೆ ಬಂದು, ಕೆಲವು ವಾರ ಇದ್ದು, ಹಾಗೇ ಮಾಯವಾಗುತ್ತಿತ್ತು. ಅದಕ್ಕೊಂದು ನಿಯಮವಿದೆ ಎಂದು ಯಾರಿಗೂ ಗೊತ್ತಿರಲಿಲ್ಲ.

ಇಲ್ಲಿ ಒಂದು ಮಾತನ್ನು ನೀವು ಗಮನಿಸಬೇಕು. ಧೂಮಕೇತು ಉಲ್ಕೆಯ ಹಾಗೆ ಕಣ್ಣ ಮುಂದೆ ಸರ್ರನೆ ಓಡುವುದಿಲ್ಲ. ಒಂದು ರಾತ್ರಿ ನೋಡಿದರೆ ನಕ್ಷತ್ರಗಳ ನಡುವೆ ನಿಂತಂತೆಯೇ ಕಾಣುತ್ತದೆ. ಮರುದಿನ ನೋಡಿದರೆ ಸ್ವಲ್ಪ ಸರಿದಿರುತ್ತದೆ. ಅದರ ಮರುದಿನ ಇನ್ನಷ್ಟು. ಹತ್ತಿರದ ಎರಡು ಗೊತ್ತಿರುವ ನಕ್ಷತ್ರಗಳಿಂದ ಅದು ಎಷ್ಟು ಡಿಗ್ರಿ ದೂರವಿದೆ ಎಂದು ದಿನವೂ ಅಳೆದರೆ ಅದರ ಸ್ಥಾನ ಸಿಗುತ್ತದೆ. ದಿನಾಂಕದ ಜೊತೆಗೆ ಸ್ಥಾನಗಳನ್ನು ಬರೆಯುತ್ತ ಹೋದರೆ ಅದು ಸಾಗಿದ ದಾರಿ ಸಿಗುತ್ತದೆ. ಹ್ಯಾಲಿ ತನ್ನ ಉಪಕರಣದಿಂದ ಧೂಮಕೇತುವಿನ ಸ್ಥಾನವನ್ನು ಅಳೆದು ಬರೆದಿಟ್ಟ. ಗ್ರೀನಿಚ್ ವೀಕ್ಷಣಾಲಯದಲ್ಲಿ ಜಾನ್ ಫ್ಲಾಮ್‌ಸ್ಟೀಡ್ ಎಂಬ ಖಗೋಳಜ್ಞನೂ ಅದನ್ನೇ ಅಳೆಯುತ್ತಿದ್ದ.

ಧೂಮಕೇತು ಹೊರಟುಹೋಯಿತು. ಅಂಕಿಗಳು ಉಳಿದವು. ಆದರೆ ಅವುಗಳಿಂದ ಏನು ಮಾಡಬೇಕೆಂದು ಆಗ ಹ್ಯಾಲಿಗೆ ತಿಳಿದಿರಲಿಲ್ಲ.

ನ್ಯೂಟನ್ ಬಳಿಗೆ

ಸೂರ್ಯ ಗ್ರಹಗಳನ್ನು ತನ್ನೆಡೆಗೆ ಸೆಳೆಯುತ್ತದೆ, ದೂರ ಎರಡು ಪಟ್ಟಾದರೆ ಆ ಸೆಳೆತ ನಾಲ್ಕನೆಯ ಒಂದು ಭಾಗಕ್ಕೆ ಇಳಿಯುತ್ತದೆ ಎಂದು ಆಗ ಕೆಲವರು ಊಹಿಸಿದ್ದರು. ಅಂಥ ಸೆಳೆತಕ್ಕೆ ಸಿಕ್ಕ ಗ್ರಹ ಯಾವ ಆಕಾರದ ದಾರಿಯಲ್ಲಿ ಸುತ್ತಬೇಕು? ಇದನ್ನು ಲೆಕ್ಕದಿಂದ ತೋರಿಸಲು ಹ್ಯಾಲಿಗೂ ಅವನ ಗೆಳೆಯರಿಗೂ ಆಗಲಿಲ್ಲ. 1684ರಲ್ಲಿ ಹ್ಯಾಲಿ ಕೇಂಬ್ರಿಡ್ಜ್‌ಗೆ ಹೋಗಿ ಐಸಾಕ್ ನ್ಯೂಟನ್‌ನನ್ನು ಇದೇ ಪ್ರಶ್ನೆ ಕೇಳಿದ. ದೀರ್ಘವೃತ್ತ, ಎಂದರೆ ಮೊಟ್ಟೆಯಂತೆ ಉದ್ದನೆಯ ವೃತ್ತ, ಎಂದು ನ್ಯೂಟನ್ ತಕ್ಷಣ ಉತ್ತರಿಸಿದ. ಅದನ್ನು ತಾನು ಹಿಂದೆಯೇ ಲೆಕ್ಕ ಮಾಡಿರುವುದಾಗಿಯೂ ತಿಳಿಸಿದ. ಆದರೆ ಬರೆದ ಹಾಳೆ ಹುಡುಕಿದರೂ ಸಿಗಲಿಲ್ಲ!

ಮತ್ತೆ ಬರೆದು ಕಳಿಸುವಂತೆ ಹ್ಯಾಲಿ ಒಪ್ಪಿಸಿದ. ನ್ಯೂಟನ್ ಬರೆಯತೊಡಗಿದವನು ದೊಡ್ಡ ಗ್ರಂಥವನ್ನೇ ಬರೆದ. ಅದೇ ಜಗತ್ಪ್ರಸಿದ್ಧವಾದ 'ಪ್ರಿನ್ಸಿಪಿಯಾ'. ಅದನ್ನು ಅಚ್ಚು ಮಾಡಿಸಬೇಕಿದ್ದ ರಾಯಲ್ ಸೊಸೈಟಿಯ ಬಳಿ ಹಣವಿರಲಿಲ್ಲ. ಮೀನುಗಳ ಬಗೆಗಿನ ಒಂದು ಪುಸ್ತಕ ಮುದ್ರಿಸಿ ಕೈ ಖಾಲಿ ಮಾಡಿಕೊಂಡಿತ್ತು. ಆಗ ಹ್ಯಾಲಿ ತಾನೇ ಹಣ ಹಾಕಿ, ಅಚ್ಚಿನ ತಪ್ಪುಗಳನ್ನು ತಾನೇ ತಿದ್ದಿ, 1687ರಲ್ಲಿ ಗ್ರಂಥವನ್ನು ಹೊರತಂದ. ಸೊಸೈಟಿಯಲ್ಲಿ ಕೆಲಸಕ್ಕಿದ್ದ ಅವನಿಗೆ ಬರಬೇಕಿದ್ದ ಸಂಬಳಕ್ಕೆ ಬದಲಾಗಿ ಮಾರಾಟವಾಗದ ಮೀನಿನ ಪುಸ್ತಕದ ಪ್ರತಿಗಳನ್ನು ಕೊಟ್ಟರಂತೆ!

ಧೂಮಕೇತುಗಳೂ ಸೂರ್ಯನ ಸೆಳೆತಕ್ಕೆ ಒಳಪಟ್ಟೇ ಸಾಗುತ್ತವೆ ಎಂದು ಪ್ರಿನ್ಸಿಪಿಯಾ ತೋರಿಸಿತು. ಬೇರೆ ಬೇರೆ ದಿನಗಳ ಮೂರು ಸ್ಥಾನಗಳು ಗೊತ್ತಿದ್ದರೆ ದಾರಿಯನ್ನು ಗುರುತಿಸುವ ವಿಧಾನವೂ ಅದರಲ್ಲಿತ್ತು. ಹ್ಯಾಲಿಯ ಹಳೆಯ ಅಂಕಿಗಳಿಗೆ ಈಗ ಬೀಗದ ಕೈ ಸಿಕ್ಕಿತು.

ಮೂರು ಧೂಮಕೇತುಗಳೋ, ಒಂದೇ ಧೂಮಕೇತುವೋ?

ಹ್ಯಾಲಿ ಹಳೆಯ ಪುಸ್ತಕಗಳನ್ನು ಜಾಲಾಡಿದ. ಸ್ಥಾನಗಳನ್ನು ಸರಿಯಾಗಿ ಅಳೆದು ಬರೆದಿಟ್ಟ ಧೂಮಕೇತುಗಳನ್ನು ಮಾತ್ರ ಆರಿಸಿಕೊಂಡ. 1337ರಿಂದ 1698ರವರೆಗಿನ 24 ಧೂಮಕೇತುಗಳು ಸಿಕ್ಕವು. ಒಂದೊಂದರ ದಾರಿಯನ್ನೂ ಲೆಕ್ಕ ಹಾಕಬೇಕಿತ್ತು. ಆಗ ಕ್ಯಾಲ್ಕುಲೇಟರ್ ಇರಲಿಲ್ಲ, ಕಂಪ್ಯೂಟರ್ ಇರಲಿಲ್ಲ. ಕಾಗದ, ಗರಿಯ ಲೇಖನಿ ಮತ್ತು ಗಣಿತದ ಕೋಷ್ಟಕಗಳು, ಅಷ್ಟೇ. ಕೆಲಸ ಹಲವು ವರ್ಷ ನಡೆಯಿತು.

ನೋಟದಿಂದಲೇ ಇದು ಅದೇ ಧೂಮಕೇತು ಎಂದು ಹೇಳಬಹುದಲ್ಲ ಎಂದು ನೀವು ಕೇಳಬಹುದು. ಹಾಗೆ ಹೇಳಲಾಗದು. ಒಂದೇ ಧೂಮಕೇತು ಒಮ್ಮೆ ಉದ್ದ ಬಾಲದೊಂದಿಗೆ ಥಳಥಳಿಸಬಹುದು, ಇನ್ನೊಮ್ಮೆ ಮಂಕಾಗಿ ಕಾಣಬಹುದು. ಹೊಳಪು ಬದಲಾಗುತ್ತದೆ, ಬಾಲ ಬದಲಾಗುತ್ತದೆ. ಹೆಚ್ಚು ಬದಲಾಗದೆ ಉಳಿಯುವುದು ಸೂರ್ಯನ ಸುತ್ತ ಅದು ಸಾಗುವ ದಾರಿ, ಅಂದರೆ ಅದರ ಕಕ್ಷೆ. ನಮ್ಮನ್ನು ಗುರುತಿಸಲು ಹೆಬ್ಬೆಟ್ಟಿನ ಗುರುತು ಇದ್ದಂತೆ ಧೂಮಕೇತುವಿಗೆ ಅದರ ಕಕ್ಷೆ.

ಕಕ್ಷೆಗಳ ಕೋಷ್ಟಕವನ್ನು ನೋಡುವಾಗ ಮೂರು ಸಾಲುಗಳು ಹ್ಯಾಲಿಯ ಗಮನ ಸೆಳೆದವು. 1531ರಲ್ಲಿ ಪೀಟರ್ ಏಪಿಯನ್ ಎಂಬಾತ ನೋಡಿದ ಧೂಮಕೇತು, 1607ರಲ್ಲಿ ಕೆಪ್ಲರ್ ನೋಡಿದ ಧೂಮಕೇತು, 1682ರಲ್ಲಿ ಸ್ವತಃ ತಾನು ನೋಡಿದ ಧೂಮಕೇತು. ಇವುಗಳಲ್ಲಿ ಏನೇನು ಹೊಂದುತ್ತಿತ್ತು ನೋಡಿ:

* ಮೂರೂ ಗ್ರಹಗಳಿಗೆ ವಿರುದ್ಧ ದಿಕ್ಕಿನಲ್ಲಿ ಸೂರ್ಯನನ್ನು ಸುತ್ತುತ್ತಿದ್ದವು.
* ಮೂರರ ಕಕ್ಷೆಗಳೂ ಭೂಮಿಯ ಕಕ್ಷೆಗೆ 17ರಿಂದ 18 ಡಿಗ್ರಿಯಷ್ಟು ಓರೆಯಾಗಿದ್ದವು.
* ಮೂರೂ ಸೂರ್ಯನಿಗೆ ಅತಿ ಸಮೀಪ ಬಂದಾಗ ಇದ್ದ ದೂರ, ಭೂಮಿ-ಸೂರ್ಯರ ದೂರದ ಅರ್ಧಕ್ಕಿಂತ ಸ್ವಲ್ಪ ಹೆಚ್ಚು.
* ಒಂದಕ್ಕೂ ಇನ್ನೊಂದಕ್ಕೂ ನಡುವೆ 75-76 ವರ್ಷಗಳ ಅಂತರ.

ಮೂರು ಬೇರೆ ಬೇರೆ ಧೂಮಕೇತುಗಳು ಹೀಗೆ ಹೊಂದಿಕೊಳ್ಳುವುದು ಸಾಧ್ಯವೇ? ಬಂದದ್ದು ಒಂದೇ ಧೂಮಕೇತು, ಮೂರು ಸಲ ಬಂದಿದೆ ಎಂದು ಹ್ಯಾಲಿ ತೀರ್ಮಾನಿಸಿದ. 1705ರಲ್ಲಿ ತನ್ನ ಲೆಕ್ಕವನ್ನು ಪ್ರಕಟಿಸಿ, ಅದು 1758ರಲ್ಲಿ ಮರಳಿ ಬರುತ್ತದೆ ಎಂದು ಬರೆದ.

ಒಂದು ವರ್ಷದ ತೊಡಕು

ಆದರೆ ಒಂದು ತೊಡಕಿತ್ತು. 1531ರಿಂದ 1607ಕ್ಕೆ 76 ವರ್ಷ ದಾಟಿತ್ತು. 1607ರಿಂದ 1682ಕ್ಕೆ 75 ವರ್ಷ ತುಂಬಿರಲಿಲ್ಲ. ಒಂದೇ ಧೂಮಕೇತುವಾದರೆ ಪ್ರತಿ ಸುತ್ತಿಗೂ ಒಂದೇ ಅವಧಿ ಬೇಡವೇ? ಒಂದು ವರ್ಷಕ್ಕೂ ಮೀರಿದ ಈ ವ್ಯತ್ಯಾಸವನ್ನು ಯಾರಾದರೂ ಎತ್ತಿ ತೋರಿಸಿದರೆ ವಾದವೇ ಬಿದ್ದುಹೋಗುತ್ತಿತ್ತು.

ಹ್ಯಾಲಿ ಇದನ್ನು ಮುಚ್ಚಿಡಲಿಲ್ಲ, ಕಾರಣ ಹುಡುಕಿದ. ಧೂಮಕೇತುವನ್ನು ಸೆಳೆಯುವುದು ಸೂರ್ಯ ಮಾತ್ರವಲ್ಲ, ದಾರಿಯಲ್ಲಿ ಸಿಗುವ ದೊಡ್ಡ ಗ್ರಹಗಳೂ ಸೆಳೆಯುತ್ತವೆ. ಗುರುಗ್ರಹದ ಬಳಿ ಹಾದುಹೋಗುವಾಗ ಧೂಮಕೇತುವಿನ ವೇಗ ಸ್ವಲ್ಪ ಬದಲಾದರೂ ಸಾಕು, ಮುಂದಿನ ಸುತ್ತಿನಲ್ಲಿ ತಿಂಗಳುಗಟ್ಟಲೆ ಹಿಂದುಮುಂದು ಆಗುತ್ತದೆ. ಈ ಸೆಳೆತವನ್ನು ಅಂದಾಜು ಮಾಡಿ, ಧೂಮಕೇತು 1758ರ ಕೊನೆಗೆ ಅಥವಾ 1759ರ ಆರಂಭಕ್ಕೆ ಬರಬಹುದೆಂದು ಅವನು ಮುಂದೆ ತಿದ್ದಿ ಬರೆದ.

ಹ್ಯಾಲಿಯ ಎಲ್ಲ ಊಹೆಗಳೂ ನಿಜವಾಗಲಿಲ್ಲ. 1532 ಮತ್ತು 1661ರಲ್ಲಿ ಬಂದವು ಕೂಡ ಒಂದೇ ಧೂಮಕೇತು ಇರಬಹುದೆಂದು ಅವನು ಅನುಮಾನಿಸಿದ್ದ. ಅದರ ಪ್ರಕಾರ ಸುಮಾರು 1790ರ ವೇಳೆಗೆ ಅದು ಮರಳಬೇಕಿತ್ತು. ಅದು ಬರಲಿಲ್ಲ. ವಿಜ್ಞಾನದಲ್ಲಿ ಊಹೆಯನ್ನು ಯಾರು ಹೇಳಿದರು ಎಂಬುದು ಮುಖ್ಯವಲ್ಲ. ಅದು ಪರೀಕ್ಷೆಯಲ್ಲಿ ಗೆಲ್ಲುತ್ತದೆಯೇ ಎಂಬುದು ಮುಖ್ಯ.

ಕಾಯಲಾಗದ ಕಾಯುವಿಕೆ

1705ರಲ್ಲಿ ಹ್ಯಾಲಿಗೆ 49 ವರ್ಷ. 1758ರಲ್ಲಿ ಅವನಿಗೆ ಎಷ್ಟಾಗುತ್ತಿತ್ತು? ನೀವೇ ಲೆಕ್ಕ ಹಾಕಿ. 102! ತಾನು ಹೇಳಿದ್ದು ಸರಿಯೋ ತಪ್ಪೋ ಎಂದು ತಾನೇ ನೋಡಲಾರೆ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಹಾಗೆಂದು ಅವನು ಸುಮ್ಮನೆ ಕುಳಿತವನಲ್ಲ. ಅದಕ್ಕೆ ಮೊದಲೇ, 1698ರಿಂದ 1700ರವರೆಗೆ, 'ಪ್ಯಾರಾಮೋರ್' ಎಂಬ ಪುಟ್ಟ ಹಡಗಿನ ನಾಯಕನಾಗಿ ಅಟ್ಲಾಂಟಿಕ್ ಸಾಗರವನ್ನು ಸುತ್ತಿ, ದಿಕ್ಸೂಚಿಯ ಮುಳ್ಳು ಎಲ್ಲೆಲ್ಲಿ ಎಷ್ಟು ವಾಲುತ್ತದೆಂದು ಅಳೆದು ನಕ್ಷೆ ಮಾಡಿದ್ದ. 1720ರಲ್ಲಿ ಫ್ಲಾಮ್‌ಸ್ಟೀಡ್‌ನ ನಂತರ ಗ್ರೀನಿಚ್ ವೀಕ್ಷಣಾಲಯದ ಮುಖ್ಯಸ್ಥನಾದ. ಆಗ ಅವನ ವಯಸ್ಸು 63. ಆ ವಯಸ್ಸಿನಲ್ಲಿ 18 ವರ್ಷ ಹಿಡಿಯುವ ಚಂದ್ರನ ವೀಕ್ಷಣೆಯನ್ನು ಶುರುಮಾಡಿದ. ಮತ್ತು ಅದನ್ನು ಮುಗಿಸಿದ ಕೂಡ!

1742ರ ಜನವರಿಯಲ್ಲಿ, 85ನೆಯ ವಯಸ್ಸಿನಲ್ಲಿ ಹ್ಯಾಲಿ ತೀರಿಕೊಂಡ. ಧೂಮಕೇತು ಆಗ ಇನ್ನೂ ದೂರದಲ್ಲಿ, ಯಾರ ಕಣ್ಣಿಗೂ ಬೀಳದೆ, ಸೂರ್ಯನ ಕಡೆಗೆ ಬರುತ್ತಿತ್ತು.

ಬಂದೇ ಬಂತು!

1758 ಹತ್ತಿರವಾಯಿತು. ಯೂರೋಪಿನ ಖಗೋಳಜ್ಞರೆಲ್ಲ ಕಾಯತೊಡಗಿದರು. ಪ್ಯಾರಿಸ್‌ನಲ್ಲಿ ಕ್ಲೇರೋ ಎಂಬ ಗಣಿತಜ್ಞ, ಲಾಲಾಂಡ್ ಎಂಬ ಖಗೋಳಜ್ಞ ಮತ್ತು ನಿಕೋಲ್ ರೇನ್ ಲೆಪೋಟ್ ಎಂಬ ಮಹಿಳೆ ಸೇರಿ ಗ್ರಹಗಳ ಸೆಳೆತವನ್ನು ವಿವರವಾಗಿ ಲೆಕ್ಕ ಮಾಡಿದರು. ಬೆಳಗಿನಿಂದ ರಾತ್ರಿಯವರೆಗೆ, ತಿಂಗಳುಗಟ್ಟಲೆ ಅಂಕಿಗಳ ರಾಶಿ! ಧೂಮಕೇತು ಬರುವ ಮುಂಚೆಯೇ ಲೆಕ್ಕ ಮುಗಿಯಬೇಕಿತ್ತು. ಬಂದ ಮೇಲೆ ಹೇಳಿದರೆ ಅದು ಭವಿಷ್ಯ ಹೇಗಾದೀತು?

1758ರ ನವೆಂಬರ್‌ನಲ್ಲಿ ಕ್ಲೇರೋ ಫಲಿತಾಂಶ ತಿಳಿಸಿದ. ಗುರುಗ್ರಹದ ಸೆಳೆತದಿಂದ 518 ದಿನ, ಶನಿಯ ಸೆಳೆತದಿಂದ 100 ದಿನ, ಒಟ್ಟು 618 ದಿನ ತಡವಾಗಲಿದೆ. 1759ರ ಏಪ್ರಿಲ್ ಮಧ್ಯದಲ್ಲಿ ಅದು ಸೂರ್ಯನಿಗೆ ಅತಿ ಸಮೀಪ ಬರುತ್ತದೆ. ಒಂದು ತಿಂಗಳು ಹೆಚ್ಚುಕಡಿಮೆ ಆಗಬಹುದು.

1758ರ ಡಿಸೆಂಬರ್ 25ರ ರಾತ್ರಿ. ಜರ್ಮನಿಯ ಡ್ರೆಸ್ಡನ್ ಬಳಿಯ ಹಳ್ಳಿಯೊಂದರಲ್ಲಿ ಯೋಹಾನ್ ಪಾಲಿಚ್ ಎಂಬ ರೈತ ತನ್ನ ದೂರದರ್ಶಕದಲ್ಲಿ ಆಕಾಶ ನೋಡುತ್ತಿದ್ದ. ಅವನು ತಾನಾಗಿಯೇ ಖಗೋಳವಿಜ್ಞಾನ ಕಲಿತವನು. ನಕ್ಷತ್ರಗಳ ನಡುವೆ ಹಿಂದೆ ಇಲ್ಲದಿದ್ದ ಮಸುಕಾದ ಚುಕ್ಕೆಯೊಂದು ಅವನಿಗೆ ಕಂಡಿತು. ಅದೇ ಹ್ಯಾಲಿ ಹೇಳಿದ್ದ ಧೂಮಕೇತು! 1759ರ ಮಾರ್ಚ್ 13ರಂದು ಅದು ಸೂರ್ಯನ ಸಮೀಪ ಹಾದುಹೋಯಿತು. 76 ವರ್ಷಗಳ ಪಯಣದಲ್ಲಿ ಕ್ಲೇರೋನ ಲೆಕ್ಕ ತಪ್ಪಿದ್ದು ಸುಮಾರು ಒಂದು ತಿಂಗಳು ಮಾತ್ರ. ಯುರೇನಸ್ ಮತ್ತು ನೆಪ್ಚೂನ್ ಗ್ರಹಗಳು ಆಗಿನ್ನೂ ಪತ್ತೆಯೇ ಆಗಿರಲಿಲ್ಲ ಎಂಬುದನ್ನು ನೆನಪಿಡಿ.

ಹೇಳಿದವನು ತೀರಿಕೊಂಡು 16 ವರ್ಷ ಕಳೆದಿದ್ದರೂ ಅವನ ಲೆಕ್ಕ ಗೆದ್ದಿತು. ಅಂದಿನಿಂದ ಅದಕ್ಕೆ ಹ್ಯಾಲಿಯ ಹೆಸರೇ ನಿಂತಿತು. ಧೂಮಕೇತು ಕೇಡಿನ ಸೂಚನೆಯಲ್ಲ, ಗ್ರಹಗಳಂತೆ ನಿಯಮಕ್ಕೆ ಒಳಪಟ್ಟ ಸೂರ್ಯನ ಬಳಗ ಎಂದು ಜಗತ್ತು ಅರಿತಿತು.

ಒಮ್ಮೆ ಹೊಳಪು, ಒಮ್ಮೆ ಮಂಕು

ಹ್ಯಾಲಿ ಧೂಮಕೇತುವಿನ ತಿರುಳು ಸುಮಾರು 15 ಕಿಲೋಮೀಟರ್ ಉದ್ದದ, ಕಪ್ಪನೆಯ ಗಡ್ಡೆ. ಅದರಲ್ಲಿರುವುದು ಹಿಮ ಮತ್ತು ದೂಳು. 1986ರ ಮಾರ್ಚ್‌ನಲ್ಲಿ ಯೂರೋಪಿನ 'ಜಿಯೊಟ್ಟೊ' ನೌಕೆ ಸುಮಾರು 600 ಕಿಲೋಮೀಟರ್ ಸಮೀಪ ಹೋಗಿ ಅದರ ಚಿತ್ರ ತೆಗೆಯಿತು. ಸೂರ್ಯನಿಂದ ಅತಿ ದೂರದಲ್ಲಿದ್ದಾಗ, ಅಂದರೆ ಸುಮಾರು 525 ಕೋಟಿ ಕಿಲೋಮೀಟರ್ ಆಚೆ, ಅದು ಬರಿಯ ಹೆಪ್ಪುಗಟ್ಟಿದ ಗಡ್ಡೆ. ಅಲ್ಲಿ ಅದರ ವೇಗ ಸೆಕೆಂಡಿಗೆ ಒಂದು ಕಿಲೋಮೀಟರಿಗೂ ಕಡಿಮೆ. ಸೂರ್ಯನಿಗೆ ಸುಮಾರು 9 ಕೋಟಿ ಕಿಲೋಮೀಟರ್ ಸಮೀಪ ಬಂದಾಗ ಅದರ ವೇಗ ಸೆಕೆಂಡಿಗೆ 54 ಕಿಲೋಮೀಟರ್! ಆಗ ಬಿಸಿಲಿಗೆ ಹಿಮ ಆವಿಯಾಗಿ, ದೂಳನ್ನೂ ಎಳೆದುಕೊಂಡು ಹೊರಚಿಮ್ಮುತ್ತದೆ. ಅದೇ ಹೊಳೆಯುವ ತಲೆ ಮತ್ತು ಬಾಲ. ಬಾಲ ಯಾವಾಗಲೂ ಸೂರ್ಯನಿಗೆ ವಿರುದ್ಧ ದಿಕ್ಕಿಗೆ ಚಾಚಿರುತ್ತದೆ.

ನಮಗೆ ಅದು ಎಷ್ಟು ಹೊಳೆಯುತ್ತದೆ ಎಂಬುದು ಆ ಹೊತ್ತಿಗೆ ಭೂಮಿ ಎಲ್ಲಿದೆ ಎಂಬುದನ್ನೂ ಅವಲಂಬಿಸಿದೆ. ಕ್ರಿ.ಶ. 837ರಲ್ಲಿ ಅದು ಭೂಮಿಗೆ ಸುಮಾರು 50 ಲಕ್ಷ ಕಿಲೋಮೀಟರ್ ಸಮೀಪ ಬಂದಿತ್ತು. 1910ರಲ್ಲಿ ಸುಮಾರು 2 ಕೋಟಿ 20 ಲಕ್ಷ ಕಿಲೋಮೀಟರ್ ದೂರದಲ್ಲಿ ಹಾದು ಜನರ ಕಣ್ಣು ತುಂಬಿತು. ಭೂಮಿ ಅದರ ಬಾಲದೊಳಗೆ ಹೋಗಲಿದೆ, ವಿಷಗಾಳಿ ತಾಗುತ್ತದೆ ಎಂದು ಆಗ ಅನೇಕರು ಹೆದರಿದ್ದರು. ಏನೂ ಆಗಲಿಲ್ಲ. 1986ರ ಫೆಬ್ರವರಿ 9ರಂದು ಅದು ಸೂರ್ಯನ ಸಮೀಪವಿದ್ದಾಗ ಭೂಮಿ ಸೂರ್ಯನ ಇನ್ನೊಂದು ಬದಿಯಲ್ಲಿತ್ತು. ಹಾಗಾಗಿ ಆ ಸಲ ಅದು ತೀರ ಮಂಕಾಗಿ ಕಂಡಿತು.

ಮಾಡಿ ನೋಡಿ

ಬೇಕಾಗುವ ವಸ್ತುಗಳು: ರಟ್ಟು, ಬಿಳಿ ಹಾಳೆ, ಎರಡು ಗುಂಡುಸೂಜಿ, ದಾರ, ಪೆನ್ಸಿಲ್, ಅಳತೆಪಟ್ಟಿ.

ರಟ್ಟಿನ ಮೇಲೆ ಹಾಳೆಯನ್ನಿಟ್ಟು, 5 ಸೆಂಟಿಮೀಟರ್ ಅಂತರದಲ್ಲಿ ಎರಡು ಗುಂಡುಸೂಜಿ ಚುಚ್ಚಿ. ದಾರದ ಎರಡು ತುದಿಗಳನ್ನು ಗಂಟು ಹಾಕಿ, ಒಟ್ಟು 30 ಸೆಂಟಿಮೀಟರ್ ಸುತ್ತಳತೆಯ ಕುಣಿಕೆ ಮಾಡಿ. ಅದನ್ನು ಸೂಜಿಗಳಿಗೆ ಹಾಕಿ, ಪೆನ್ಸಿಲಿನಿಂದ ದಾರವನ್ನು ಬಿಗಿಯಾಗಿ ಎಳೆದು ಹಿಡಿದು ಸುತ್ತಲೂ ಗೆರೆ ಎಳೆಯಿರಿ. ಸಿಗುವುದು ದೀರ್ಘವೃತ್ತ. ಈಗ ಸೂಜಿಗಳ ಅಂತರವನ್ನು 10 ಸೆಂಟಿಮೀಟರಿಗೆ, ಆಮೇಲೆ 14 ಸೆಂಟಿಮೀಟರಿಗೆ ಹೆಚ್ಚಿಸಿ ಮತ್ತೆ ಎಳೆಯಿರಿ. ಆಕಾರ ಹೇಗೆ ಬದಲಾಯಿತು? ಒಂದು ಸೂಜಿಯನ್ನು ಸೂರ್ಯ ಎಂದುಕೊಳ್ಳಿ. ಹ್ಯಾಲಿ ಧೂಮಕೇತುವಿನ ಕಕ್ಷೆ ನಿಮ್ಮ ಕೊನೆಯ ಚಿತ್ರಕ್ಕಿಂತಲೂ ಸಪೂರ. ಭೂಮಿಯ ಕಕ್ಷೆಯಾದರೋ ಹೆಚ್ಚುಕಡಿಮೆ ವೃತ್ತವೇ.

ಇನ್ನು ನಿಮ್ಮ ಸರದಿ

2023ರ ಡಿಸೆಂಬರ್‌ನಲ್ಲಿ ಹ್ಯಾಲಿ ಧೂಮಕೇತು ತನ್ನ ದಾರಿಯ ಅತಿ ದೂರದ ತಿರುವನ್ನು, ನೆಪ್ಚೂನ್ ಗ್ರಹದ ಕಕ್ಷೆಯಿಂದಲೂ ಆಚೆ, ದಾಟಿತು. ಈಗ ಅದು ನಮ್ಮ ಕಡೆಗೆ ಮರಳುತ್ತಿದೆ. 2061ರ ಜುಲೈ 28ರಂದು ಸೂರ್ಯನ ಸಮೀಪ ಬರಲಿದೆ. ಆ ಸಲ ಅದು ಸೂರ್ಯನ ನಮ್ಮ ಬದಿಯಲ್ಲೇ ಇರುವುದರಿಂದ 1986ಕ್ಕಿಂತ ಚೆನ್ನಾಗಿ ಹೊಳೆಯುವ ನಿರೀಕ್ಷೆಯಿದೆ. ಆಗ ನಿಮಗೆ ಎಷ್ಟು ವಯಸ್ಸಾಗಿರುತ್ತದೆ? ಲೆಕ್ಕ ಹಾಕಿ, ನಿಮ್ಮ ನೋಟ್‌ಬುಕ್ಕಿನಲ್ಲಿ ಬರೆದಿಡಿ.

ಅಲ್ಲಿಯವರೆಗೂ ಕಾಯಬೇಕೇ? ಬೇಡ. ಹ್ಯಾಲಿ ಧೂಮಕೇತು ಹಿಂದಿನ ಸುತ್ತುಗಳಲ್ಲಿ ಉದುರಿಸಿ ಹೋದ ದೂಳಿನ ನಡುವೆ ನಮ್ಮ ಭೂಮಿ ಪ್ರತಿ ವರ್ಷ ಎರಡು ಸಲ ಹಾದುಹೋಗುತ್ತದೆ. ಆ ದೂಳಿನ ಕಣಗಳು ನಮ್ಮ ವಾತಾವರಣ ಹೊಕ್ಕು ಉಲ್ಕೆಗಳಾಗಿ ಉರಿಯುತ್ತವೆ. ಮೇ ತಿಂಗಳ ಮೊದಲ ವಾರ ಬೆಳಗಿನ ಜಾವ, ಅಕ್ಟೋಬರ್ 21ರ ಆಸುಪಾಸು ನಡುರಾತ್ರಿಯ ನಂತರ, ಚಂದ್ರನ ಬೆಳಕಿಲ್ಲದ ಕತ್ತಲೆಯ ಆಕಾಶವನ್ನು ದೊಡ್ಡವರ ಜೊತೆ ಕುಳಿತು ನೋಡಿ. ಗಂಟೆಗೆ ಎಷ್ಟು ಉಲ್ಕೆ ಕಂಡಿರಿ ಎಂದು ಎಣಿಸಿ, ದಿನಾಂಕ ಮತ್ತು ಸಮಯದೊಂದಿಗೆ ಬರೆದಿಡಿ. ಹ್ಯಾಲಿ ಗೆದ್ದದ್ದು ಏಪಿಯನ್ ಮತ್ತು ಕೆಪ್ಲರ್ ಹಾಗೆ ಬರೆದಿಟ್ಟಿದ್ದ ಅಂಕಿಗಳಿಂದಲೇ ಅಲ್ಲವೇ?